ಜೂಜುತಾಣದ ಲೆಕ್ಕಾಚಾರ

ಆನ್‌ಲೈನ್ ಜೂಜಿನ ತಾಣಗಳಲ್ಲಿ ಹಣ ತುಂಬುವುದು ನಿಮಿಷದ ಕೆಲಸ. ಹಿಂದಕ್ಕೆ ಪಡೆಯುವುದಕ್ಕೆ ಮಾತ್ರ ನಿಬಂಧನೆಗಳುಂಟು. ಇದರ ಮರ್ಮವನ್ನು ಸಂಭವನೀಯತೆಯ ಗಣಿತದಿಂದ ಅರಿಯೋಣ.

ಯುರೋಪಿನ ರೂಲೆಟ್ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ 37 ಮನೆಗಳಿವೆ. ಒಂದು ಅಂಕಿಯ ಮೇಲೆ ಒಂದು ರೂಪಾಯಿ ಒಡ್ಡಿ ಗೆದ್ದವನಿಗೆ, ಪಣವೂ ಸೇರಿ, 36 ರೂಪಾಯಿ ಸಲ್ಲುತ್ತದೆ. ಎಲ್ಲ ಮನೆಗಳ ಮೇಲೂ ಒಂದೊಂದು ರೂಪಾಯಿ ಇಟ್ಟರೆ ಕೊಟ್ಟುದು 37, ಬಂದುದು 36. ಎಂದರೆ, ಒಡ್ಡಿದ ಪಣದಲ್ಲಿ ಸರಾಸರಿ ಶೇಕಡ 2.7 ಭಾಗ ತಾಣದವರ ಪಾಲು.

ಈಗ 1,000 ರೂಪಾಯಿ ತುಂಬಿದವನಿಗೆ ತಾಣವು ಅಷ್ಟನ್ನೇ ಬೋನಸ್ಸಾಗಿ ಕೊಟ್ಟು, ಬೋನಸ್ಸಿನ 40ರಷ್ಟು ಪಣವೊಡ್ಡಿದ ಬಳಿಕವೇ ಹಣವನ್ನು ಹಿಂಪಡೆಯಬಹುದೆಂದು ವಿಧಿಸಿತೆನ್ನೋಣ. 40,000 ರೂಪಾಯಿಯ ಪಣಕ್ಕೆ ಸರಾಸರಿ ನಷ್ಟ ಸುಮಾರು 1,081 ರೂಪಾಯಿ. ಬೋನಸ್ಸೆಲ್ಲ ಕರಗಿ, ಸ್ವಂತ ಹಣದಲ್ಲಿಯೂ 81 ರೂಪಾಯಿ ಹೋಯಿತು! ಒಬ್ಬಿಬ್ಬರು ಗೆಲ್ಲಬಹುದು, ಆದರೆ ಆಟಗಳ ಸಂಖ್ಯೆ ಹೆಚ್ಚಿದಂತೆ ಫಲವು ಸರಾಸರಿಯನ್ನು ಸಮೀಪಿಸುತ್ತದೆ. ಯಾಕೋಬ್ ಬೆರ್ನೂಲಿಯ 1713ರ ಗ್ರಂಥದಲ್ಲಿ ಈ ನಿಯಮದ ಸಾಧನೆಯಿದೆ.

ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಭಾರತದ ಸಂಸತ್ತು 2025ರಲ್ಲಿ ಅಂಗೀಕರಿಸಿತು. ಬ್ಯಾಂಕುಗಳು ಅವಕ್ಕೆ ಹಣ ಸಾಗಿಸುವುದನ್ನೂ ಅದು ತಡೆಯುತ್ತದೆ. ಇಂಥ ಆಮಿಷ ಎದುರಾದಾಗ ವಿದ್ಯಾರ್ಥಿಗಳು ಮೇಲಿನ ಭಾಗಾಕಾರವನ್ನು ನೆನೆಯಬೇಕು.