ಅಂಕೆಗೆ ತಕ್ಕ ರೂಪ

1898ರ ಪ್ಲೇಗಿನ ತರುವಾಯ ಬೆಂಗಳೂರಿನ ಜನ ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಂದು ನೆಲೆಸಿದ ಬಡಾವಣೆಗಳಲ್ಲಿ ಬಸವನಗುಡಿಯೂ ಒಂದು. ಅದರ ನಡುವಣ ಗಾಂಧಿ ಬಜಾರು ಹೂವು, ಹಣ್ಣು, ಗ್ರಂದಿಗೆ ಸಾಮಾನು, ಕಾಫಿ ಪುಡಿಗಳ ವ್ಯಾಪಾರಕ್ಕೆ ಹೆಸರಾದಂತೆಯೇ ಲೆಕ್ಕದ ಶಿಸ್ತಿಗೂ ನೆಲೆಯಾಗಿ ಬೆಳೆದು ಬಂದಿತು. ದಿನದ ವಹಿವಾಟು ಮುಗಿದ ಮೇಲೆ ಕಿರ್ದಿ ಬರೆದು, ಖಾತೆಗೆ ಏರಿಸಿ, ಪೆಟ್ಟಿಗೆಯಲ್ಲಿನ ಹಣದೊಡನೆ ಶಿಲ್ಕನ್ನು ತಾಳೆ ನೋಡಿದ ಹೊರತು ಅಂಗಡಿಯ ಬಾಗಿಲು ಹಾಕದ ವರ್ತಕರ ತಲೆಮಾರೊಂದು ಇಲ್ಲಿತ್ತು. ಆ ಪುಸ್ತಕಗಳ ಸ್ಥಾನಕ್ಕೆ ಈಗ ಎಕ್ಸೆಲ್ ಹಾಳೆ ಬಂದಿದೆ. ಕೂಡುವ, ಕಳೆಯುವ ಶ್ರಮವನ್ನು ಯಂತ್ರವು ವಹಿಸಿಕೊಂಡಿದೆ. ಆದರೆ ಅಂಕೆಯನ್ನು ಓದುವವರಿಗೆ ತಿಳಿಯುವಂತೆ ಇಡತಕ್ಕ ಹೊಣೆ ಬರೆಯುವವರಲ್ಲಿಯೇ ಉಳಿದಿದೆ. ಈ ಹೊಣೆಯನ್ನು ಬರಿಯ ಅಲಂಕಾರವೆಂದು ಬಗೆದು ಅಲಕ್ಷಿಸುವುದು ಯುಕ್ತವಲ್ಲ. ಅದು ಲೆಕ್ಕದ ಪ್ರಾಮಾಣಿಕತೆಯ ಒಂದು ಅಂಗ.

ಅಂಕೆಗೆ ರೂಪ ಕೊಡುವ ವಿದ್ಯೆ ಯಂತ್ರದೊಡನೆ ಹುಟ್ಟಿದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದ ನಾಡು ಇದು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂಬ ಎಣಿಕೆ ನಡೆಯುತ್ತಿದ್ದಷ್ಟು ದಿನ, ಕಾಲು ರೂಪಾಯಿಗೆ ಒಂದು ನೆಟ್ಟನೆಯ ಗೆರೆ, ಅರೆಗೆ ಎರಡು, ಮುಕ್ಕಾಲಿಗೆ ಮೂರು, ಬಿಡಿ ಆಣೆಗಳಿಗೆ ಬೇರೆಯ ಗೆರೆ ಎಂಬ ಸಂಕೇತಗಳು ಲೆಕ್ಕದ ಪುಸ್ತಕಗಳಲ್ಲಿ ಬಳಕೆಯಲ್ಲಿದ್ದು, ಪಳಗಿದ ಕಣ್ಣಿಗೆ ಒಂದೇ ನೋಟದಲ್ಲಿ ಮೊತ್ತವನ್ನು ತಿಳಿಸುತ್ತಿದ್ದವು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದು ರೂಪಾಯಿ ನೂರು ನಯಾಪೈಸೆಯಾದಾಗ ಗೆರೆಗಳು ಹೋಗಿ ಬಿಂದು ಬಂತು. ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ನಿಲ್ಲಬೇಕೆಂಬ ನಿಯಮ ಮಾತ್ರ ಹಾಗೆಯೇ ಉಳಿಯಿತು.

1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು ‘ವಿಸಿಕ್ಯಾಲ್ಕ್’ ಎಂಬ ತಂತ್ರಾಂಶವನ್ನು ಹೊರತಂದಾಗ ಲೆಕ್ಕದ ಪುಸ್ತಕದ ಗೆರೆಯೆಳೆದ ಹಾಳೆ ಗಣಕಯಂತ್ರದ ತೆರೆಯ ಮೇಲೆ ಮೂಡಿತು. 1985ರಲ್ಲಿ ಎಕ್ಸೆಲ್ ಬಂದಿತು. ಈ ಹಾಳೆಯ ಮುಖ್ಯವಾದ ತತ್ತ್ವವೊಂದನ್ನು ಮೊದಲು ಮನಗಾಣಬೇಕು: ಇಲ್ಲಿಯ ಪ್ರತಿಯೊಂದು ಸೆಲ್ಲಿನಲ್ಲಿ ಮೌಲ್ಯ ಬೇರೆ, ತೋರಿಕೆ ಬೇರೆ. ಮೌಲ್ಯವು ಒಳಗಿದ್ದು ಲೆಕ್ಕಕ್ಕೆ ಒದಗುತ್ತದೆ. ತೋರಿಕೆಯು ಹೊರಗಿದ್ದು ಓದುವವರಿಗೆ ಒದಗುತ್ತದೆ. ಕಂಟ್ರೋಲ್ ಕೀಲಿಯೊಡನೆ 1ನ್ನು ಒತ್ತಿದರೆ ತೆರೆದುಕೊಳ್ಳುವ ಚೌಕಟ್ಟಿನಲ್ಲಿ ನಾವು ಆರಿಸುವುದೆಲ್ಲ ತೋರಿಕೆಯನ್ನೇ ಹೊರತು ಮೌಲ್ಯವನ್ನಲ್ಲ.

ಈ ಭೇದವನ್ನರಿಯದೆ ಆಗುವ ಕೇಡಿಗೆ ನಮ್ಮ ನಡುವಿನದೇ ಒಂದು ಉದಾಹರಣೆಯುಂಟು. ರಸೀತಿ ಬರೆಯುವ ವಾಡಿಕೆಯಂತೆ ಐನೂರು ರೂಪಾಯಿಯನ್ನು ‘500/-’ ಎಂದು ಸೆಲ್ಲಿನಲ್ಲಿ ಬರೆದರೆ, ಯಂತ್ರವು ಅದನ್ನು ಸಂಖ್ಯೆಯೆಂದು ಗಣಿಸದೆ ಅಕ್ಷರವೆಂದು ಗಣಿಸಿ ಎಡಕ್ಕೆ ಸರಿಸುತ್ತದೆ. ಕೆಳಗಿನ ಮೊತ್ತದಲ್ಲಿ ಆ ಐನೂರು ಸೇರುವುದೇ ಇಲ್ಲ. ಯಾವ ಎಚ್ಚರಿಕೆಯೂ ಬಾರದೆ, ನೂರು ಜನರ ವಂತಿಗೆಯ ಪಟ್ಟಿಯಲ್ಲಿ ಹತ್ತು ಜನರ ಹಣ ಹೀಗೆ ಲೆಕ್ಕದಿಂದ ಜಾರಿಹೋಗಬಹುದು. ಸೆಲ್ಲಿನಲ್ಲಿ 500 ಎಂದಷ್ಟೇ ಬರೆದು, ಹಿಂದಿನ ₹ ಚಿಹ್ನೆಯನ್ನಾಗಲಿ ಮುಂದಿನ ಗೆರೆಯನ್ನಾಗಲಿ ರೂಪದ ಮೂಲಕ ತೋರಿಸಿದರೆ ವಾಡಿಕೆಯೂ ಉಳಿಯುತ್ತದೆ, ಲೆಕ್ಕವೂ ಉಳಿಯುತ್ತದೆ.

ಇನ್ನು ಅಲ್ಪವಿರಾಮದ ಮಾತು. ಒಂದು ಕೋಟಿ ಇಪ್ಪತ್ತಮೂರು ಲಕ್ಷ ನಲವತ್ತೈದು ಸಾವಿರದ ಆರುನೂರ ಎಪ್ಪತ್ತೆಂಟನ್ನು ಯಂತ್ರವು ಪಾಶ್ಚಾತ್ಯ ಕ್ರಮದಲ್ಲಿ 12,345,678 ಎಂದು ತೋರಿಸಿದರೆ, ಲಕ್ಷ-ಕೋಟಿಗಳಲ್ಲಿಯೇ ಯೋಚಿಸುವ ನಮ್ಮ ಹಿರಿಯರು ಬಲಗಡೆಯಿಂದ ಬೆರಳಿಟ್ಟು ಎಣಿಸಿಕೊಂಡು ಬರಬೇಕಾಗುತ್ತದೆ; 1,23,45,678 ಎಂದು ತೋರಿಸಿದರೆ ನಾಲಗೆ ನುಡಿಯುವ ಕ್ರಮದಲ್ಲಿಯೇ ಕಣ್ಣು ಓದುತ್ತದೆ. ಇದನ್ನು ಸಾಧಿಸುವುದು ಕಷ್ಟವೇನಲ್ಲ: ವಿಂಡೋಸಿನ ಪ್ರಾದೇಶಿಕ ವ್ಯವಸ್ಥೆಯಲ್ಲಿ ಭಾರತವನ್ನು ಆರಿಸಿ, ಅಂಕಿಗಳ ಗುಂಪು 12,34,56,789 ಎಂಬಂತೆ ಇದೆಯೇ ಎಂದು ನೋಡಿಕೊಂಡರಾಯಿತು. ಲಿಬ್ರೆ ಆಫೀಸಿನಲ್ಲಿ #,##,##0 ಎಂಬ ಸಂಕೇತವನ್ನು ಕೊಟ್ಟರೂ ಸಾಕು.

ಆದರೆ ಅಲ್ಪವಿರಾಮವು ಎಲ್ಲ ಸಂಖ್ಯೆಗಳಿಗೂ ಸಲ್ಲತಕ್ಕದ್ದಲ್ಲ. ಪರಿಮಾಣವನ್ನು ಹೇಳುವ ಸಂಖ್ಯೆಗಳು ಒಂದು ಬಗೆ. ಗುರುತಾಗಿ ನಿಂತ ಸಂಖ್ಯೆಗಳು ಇನ್ನೊಂದು ಬಗೆ. ಬಸವನಗುಡಿಯ ಪಿನ್ ಕೋಡು 560004. ಅದನ್ನು 5,60,004 ಎಂದು ತೋರಿಸಿದರೆ ಅರ್ಥವಿಲ್ಲ, ಏಕೆಂದರೆ ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಬೆಂಗಳೂರಿನ ದೂರವಾಣಿಯ 080 ಎಂಬ ಸಂಕೇತವನ್ನು ಸಂಖ್ಯೆಯಾಗಿ ಬರೆದರೆ ಮೊದಲಿನ ಸೊನ್ನೆ ಅಳಿಸಿಹೋಗುತ್ತದೆ; ಹದಿನೈದು ಅಂಕಿಗಳಿಗಿಂತ ಉದ್ದವಾದ ಖಾತೆಯ ಸಂಖ್ಯೆಯನ್ನು ಬರೆದರೆ ಎಕ್ಸೆಲ್ಲು ಹದಿನಾರನೆಯ ಅಂಕಿಯಿಂದ ಮುಂದಕ್ಕೆ ಸೊನ್ನೆಗಳನ್ನೇ ಇರಿಸುತ್ತದೆ. ಈ ಹಾನಿ ತೋರಿಕೆಗಷ್ಟೇ ಆದುದಲ್ಲ, ಮೌಲ್ಯಕ್ಕೇ ಆದುದು; ಹೀಗೆ ಸೊನ್ನೆಗಳಾದ ಅಂಕಿಗಳನ್ನು ಹಾಳೆಯಿಂದ ಮತ್ತೆ ಪಡೆಯುವ ಉಪಾಯವಿಲ್ಲ.

ನಮ್ಮ ಹಳೆಯ ಬಡಾವಣೆಗಳ ಮನೆಯ ನಂಬರುಗಳ ಪಾಡು ಇನ್ನೂ ವಿಚಿತ್ರವಾದುದು. ಅಣ್ಣತಮ್ಮಂದಿರ ಪಾಲಾಗಿ 5/1, 5/2 ಎಂದು ಒಡೆದ ನಿವೇಶನಗಳು ಇಲ್ಲಿ ಬೀದಿಬೀದಿಗೂ ಉಂಟು. ವಿಳಾಸಗಳ ಪಟ್ಟಿಯಲ್ಲಿ 5/2 ಎಂದು ಬರೆದ ಕೂಡಲೆ, ಯಂತ್ರದ ವ್ಯವಸ್ಥೆ ಭಾರತದ್ದಾಗಿದ್ದರೆ ಅದು ಫೆಬ್ರವರಿ 5 ಆಗುತ್ತದೆ, ಅಮೆರಿಕದ್ದಾಗಿದ್ದರೆ ಮೇ 2 ಆಗುತ್ತದೆ. ಗಾಬರಿಯಿಂದ ಅದನ್ನು ಅಕ್ಷರದ ರೂಪಕ್ಕೆ ಮರಳಿಸಹೋದರೆ ಮನೆಯ ನಂಬರು ಬಾರದೆ ಐದಂಕಿಯ ಸಂಖ್ಯೆಯೊಂದು ಎದುರು ನಿಲ್ಲುತ್ತದೆ. ಏಕೆಂದರೆ ಎಕ್ಸೆಲ್ಲು ತಾರೀಕುಗಳನ್ನು 1900ರ ಜನವರಿ 1ನ್ನು ಒಂದೆಂದು ಹಿಡಿದು ದಿನಗಳಾಗಿ ಎಣಿಸುತ್ತದೆ, 2024ರ ಫೆಬ್ರವರಿ 5 ಅದರ ಪಾಲಿಗೆ 45327. ಆದುದರಿಂದ ಬರೆಯುವುದಕ್ಕೆ ಮೊದಲೇ ಆ ಕಾಲಮ್ಮಿಗೆ ಅಕ್ಷರದ ರೂಪವನ್ನು ಕೊಟ್ಟಿರಬೇಕು. ಈ ತೊಡಕು ಬಸವನಗುಡಿಗೆ ಮಾತ್ರ ಸೇರಿದ್ದೂ ಅಲ್ಲ: ಮಾರ್ಚ್, ಸೆಪ್ಟೆಂಬರ್ ತಿಂಗಳುಗಳನ್ನು ಹೋಲುವ ಸಂಕ್ಷಿಪ್ತ ನಾಮಗಳನ್ನು ಹೊಂದಿದ್ದ ಮಾನವ ಜೀನುಗಳನ್ನು ಯಂತ್ರವು ತಾರೀಕುಗಳಾಗಿ ಮಾರ್ಪಡಿಸುತ್ತಿದ್ದುದರಿಂದ, 2020ರ ವೇಳೆಗೆ ವಿಜ್ಞಾನಿಗಳು ಆ ಜೀನುಗಳ ಹೆಸರುಗಳನ್ನೇ ಬದಲಾಯಿಸಬೇಕಾಯಿತು.

ರೂಪವು ಸತ್ಯವನ್ನು ಮರೆಮಾಡುವುದೂ ಉಂಟು. ತಲಾ 140.40 ರೂಪಾಯಿಯ ಮೂರು ಬಿಲ್ಲುಗಳನ್ನು ಪೈಸೆ ಕಾಣದಂತೆ ತೋರಿಸಿದರೆ ಮೂರು ಸಾಲುಗಳಲ್ಲಿ 140 ಇದ್ದು, ಕೆಳಗೆ ಮಾತ್ರ 421 ಎಂದಿರುತ್ತದೆ. ಯಂತ್ರದ ಕೂಡಿಕೆ ಸರಿಯೇ. ಆದರೆ ಕಾಗದದ ಮೇಲೆ ಅದನ್ನು ಕೂಡಿ ನೋಡಿದವರಿಗೆ 420 ಬಂದು, ಬರೆದವರ ಮೇಲೆ ಸಂಶಯ ಹುಟ್ಟುವುದು ಸಹಜ. ಪೈಸೆಯನ್ನು ತೋರಿಸಬೇಕು, ಇಲ್ಲವೆ ‘ರೌಂಡ್’ ಸೂತ್ರದಿಂದ ಮೌಲ್ಯವನ್ನೇ ರೂಪಾಯಿಗೆ ಸರಿಗೊಳಿಸಬೇಕು. ತೋರಿಕೆಯಲ್ಲಿ ಮಾತ್ರ ಅಡಗಿಸುವುದು ಒಳ್ಳೆಯ ಲೆಕ್ಕಿಗನ ಲಕ್ಷಣವಲ್ಲ.

ಕನ್ನಡದಲ್ಲಿ ಲೆಕ್ಕವಿಡುವವರು ಮತ್ತೊಂದನ್ನು ಗಮನಿಸಬೇಕು. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಬರೆದ ಹಳೆಯ ಪಟ್ಟಿಗಳು ನಮ್ಮ ಸಂಘಸಂಸ್ಥೆಗಳಲ್ಲಿ ಇನ್ನೂ ಇವೆ. ಅಲ್ಲಿ ಫಾಂಟೆಂಬುದು ಹೊರಗಿನ ರೂಪವಷ್ಟೇ ಆಗಿರದೆ ಕನ್ನಡದ ಆಧಾರವೇ ಆಗಿರುವುದರಿಂದ, ಸೆಲ್ಲಿನ ಫಾಂಟನ್ನು ಬದಲಿಸಿದೊಡನೆ ಸದಸ್ಯರ ಹೆಸರುಗಳೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತವೆ. ಅಕಾರಾದಿಯಾಗಿ ಜೋಡಿಸಹೋದರೂ ವರ್ಣಮಾಲೆಯ ಕ್ರಮ ಬರುವುದಿಲ್ಲ. ಅಂಥ ಪಟ್ಟಿಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಇಡುವುದು ಇಂದೇ ಕೈಗೊಳ್ಳತಕ್ಕ ಕೆಲಸ.

ಲೆಕ್ಕವೆಂಬುದು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸತಕ್ಕ ವಸ್ತು. ರಾಮೋತ್ಸವದ ವಂತಿಗೆಯಾಗಲಿ, ಮಹಿಳಾ ಸಮಾಜದ ನಿಧಿಯಾಗಲಿ, ಹೂವಿನ ಅಂಗಡಿಯ ಪಾಲುಗಾರರ ಲಾಭವಾಗಲಿ, ಅದರ ಹಾಳೆಯನ್ನು ಓದುವವರು ಗಣಕಯಂತ್ರವನ್ನು ಬಲ್ಲವರೇ ಆಗಿರಬೇಕೆಂಬ ನಿಯಮವಿಲ್ಲ. ಹಣ ಕೊಟ್ಟವರೆಂಬುದೇ ಅವರ ಅಧಿಕಾರ. ಅವರಲ್ಲಿ ಅತ್ಯಂತ ಹಿರಿಯರಾದವರೊಬ್ಬರು ಯಾರ ನೆರವನ್ನೂ ಬೇಡದೆ, ಮೊದಲ ಸಾಲಿನಿಂದ ಶಿಲ್ಕಿನವರೆಗೆ ತಾವೇ ಓದಿ, ತಾವೇ ಕೂಡಿ, ಸರಿಯಿದೆಯೆಂದು ಸಹಿ ಹಾಕುವಂತಿದ್ದರೆ ಆ ಲೆಕ್ಕಕ್ಕೆ ತಕ್ಕ ರೂಪ ದೊರೆತಿದೆಯೆಂದು ತಿಳಿಯಬಹುದು.