ಒಡೆದ ಗಾಜು, ತುಂಬಿದ ಅಂಕ

ಜನವರಿ ಹತ್ತಿರ ಬಂತೆಂದರೆ ವಿಜ್ಞಾನ ತೆಗೆದುಕೊಂಡ ಪಿಯು ಮಕ್ಕಳ ಮನೆಗಳಲ್ಲಿ ರಾತ್ರಿ ಹನ್ನೊಂದಾದರೂ ದೀಪ ಆರುವುದಿಲ್ಲ. ಪರೀಕ್ಷೆಗೆ ಓದುತ್ತಿದ್ದಾರೆ ಅಂದುಕೊಂಡು ಅಮ್ಮ ಹಾಲು ಕಾಯಿಸಿ ತರುತ್ತಾಳೆ. ಮಕ್ಕಳು ರೆಕಾರ್ಡ್ ಬರೆಯುತ್ತಿರುತ್ತಾರೆ. ಒಂದು ಕಡೆ ಗೆರೆ ಹಾಳೆಯಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ. ಎದುರಿನ ಬಿಳಿ ಹಾಳೆಯಲ್ಲಿ ಚಿತ್ರ. ಪಕ್ಕದಲ್ಲಿ ಹೋದ ವರ್ಷ ಪಾಸಾದ ಬೀದಿಕೊನೆ ಮನೆಯ ಅಕ್ಕನ ರೆಕಾರ್ಡ್ ತೆರೆದು ಕೂತಿರುತ್ತದೆ. ಆ ಅಕ್ಕ ಬರೆದದ್ದು ತನ್ನ ಸೀನಿಯರ್‌ನದನ್ನು ನೋಡಿ. ಹೀಗೆ ಕೈಯಿಂದ ಕೈಗೆ ಇಳಿದು ಬಂದ ಈರುಳ್ಳಿ ಬೇರಿನ ಚಿತ್ರದಲ್ಲಿ ಕ್ರೋಮೊಸೋಮುಗಳು ನಾಲ್ಕೋ ಆರೋ ಇರುತ್ತವೆ. ಈರುಳ್ಳಿಯ ಜೀವಕೋಶದಲ್ಲಿ ನಿಜಕ್ಕೂ ಇರುವುದು 16. ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಇಣುಕಿದ್ದರೂ ಸಾಕಿತ್ತು, ಅಷ್ಟು ಕಡಿಮೆ ಇಲ್ಲ ಎಂಬುದಾದರೂ ಕಣ್ಣಿಗೆ ಬೀಳುತ್ತಿತ್ತು.

ಆದರೂ ಆ ರೆಕಾರ್ಡ್‌ಗೆ ಪೂರ್ತಿ ಅಂಕ ಬರುತ್ತದೆ. ರಾಜ್ಯದ ದ್ವಿತೀಯ ಪಿಯು ಜೀವಶಾಸ್ತ್ರದಲ್ಲಿ 70 ಅಂಕ ಥಿಯರಿಗೆ, 30 ಪ್ರಾಕ್ಟಿಕಲ್‌ಗೆ. ಸಿಬಿಎಸ್‌ಇ ಹನ್ನೆರಡನೇ ತರಗತಿಯಲ್ಲೂ ಇದೇ ಲೆಕ್ಕ. ಅಲ್ಲಿ ಆ 30ನ್ನು ಒಡೆದು ತೋರಿಸಿದ್ದಾರೆ: ದೊಡ್ಡ ಪ್ರಯೋಗಕ್ಕೆ 5, ಸಣ್ಣದಕ್ಕೆ 4, ಸ್ಲೈಡ್ ತಯಾರಿಗೆ 5, ಸ್ಪಾಟರ್ ಗುರುತಿಸಲು 7, ರೆಕಾರ್ಡ್ ಮತ್ತು ವೈವಾಕ್ಕೆ 4, ಪ್ರಾಜೆಕ್ಟಿಗೆ 5. ಓದಲು ಚೊಕ್ಕವಾಗಿದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದ ಬರವಣಿಗೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಎಫ್‌ಎ, ಒಂದೊಂದಕ್ಕೆ 50, ಒಟ್ಟು 200ನ್ನು ಇಳಿಸಿ 20 ಮಾಡುತ್ತಾರೆ. ಎಲ್ಲಿ ನೋಡಿದರೂ ಕೊನೆಗೆ ಆಗುವುದು ಒಂದೇ. ಮೂವತ್ತಕ್ಕೆ ಇಪ್ಪತ್ತೆಂಟು ಬಂದ ಮಗುವಿನ ಅಪ್ಪ ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿರುತ್ತಾರೆ: "ಸರ್, ಎರಡು ಯಾಕೆ ಕಟ್ ಆಯ್ತು?"

ಮೇಷ್ಟ್ರುಗಳನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ಪಕ್ಕದ ಕಾಲೇಜಿನವರು ಎಲ್ಲರಿಗೂ ಮೂವತ್ತು ಕೊಡುವಾಗ ನಾನೊಬ್ಬ ಇಪ್ಪತ್ತನಾಲ್ಕು ಕೊಟ್ಟರೆ ಕಷ್ಟಕ್ಕೆ ಸಿಕ್ಕಿಕೊಳ್ಳುವುದು ನನ್ನ ಮಕ್ಕಳು. ಲ್ಯಾಬ್‌ನಲ್ಲಿ ಇರುವ ಎರಡು ಸೂಕ್ಷ್ಮದರ್ಶಕದಲ್ಲಿ ಒಂದರ ಲೆನ್ಸಿಗೆ ಬೂಸಲು ಹಿಡಿದಿದ್ದರೆ ಅದು ಮಗುವಿನ ತಪ್ಪೂ ಅಲ್ಲ. ಹೈಸ್ಕೂಲಿನಲ್ಲಂತೂ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಮೇಷ್ಟ್ರು ಒಬ್ಬರೇ ಎಂಟು, ಒಂಬತ್ತು, ಹತ್ತು ಮೂರನ್ನೂ ನೋಡಬೇಕು. ಬಿಸಿಯೂಟದ ಲೆಕ್ಕ, ಚುನಾವಣೆ ಡ್ಯೂಟಿ, ಜನಗಣತಿ ಬೇರೆ. ಲ್ಯಾಬ್ ಅಟೆಂಡರ್ ಎಂಬ ಜೀವಿಯನ್ನು ಅಲ್ಲಿ ಕಂಡವರು ಕಡಿಮೆ. ಅಂಕ ಧಾರಾಳವಾಗಿ ಕೊಟ್ಟರೆ ಅದರಲ್ಲಿ ಕರುಣೆಯೂ ಇದೆ. ನನ್ನ ತಕರಾರು ಅಂಕ ಕೊಟ್ಟದ್ದಕ್ಕಲ್ಲ, ಅದಕ್ಕೆ ಬದಲಾಗಿ ಏನನ್ನೂ ಕೇಳದೇ ಇರುವುದಕ್ಕೆ. ಕೇಳದೇ ಕೊಟ್ಟ ಅಂಕ ಮಗುವಿಗೆ ಬೇರೊಂದು ವಿದ್ಯೆ ಕಲಿಸುತ್ತದೆ: ಮುಚ್ಚಿಡುವ ವಿದ್ಯೆ.

ಲಾಲಾರಸದ ಪ್ರಯೋಗ ನೋಡಿ. ಗಂಜಿ ತಿಳಿಗೆ ಎಂಜಲು ಬೆರೆಸಿ, ಸ್ವಲ್ಪ ಹೊತ್ತಿಗೊಮ್ಮೆ ಒಂದೊಂದು ಹನಿ ತೆಗೆದು ಅಯೋಡಿನ್ ಹಾಕಬೇಕು. ಎಂಜಲಿನ ಕಿಣ್ವ ಪಿಷ್ಟವನ್ನು ಒಡೆಯುತ್ತಾ ಹೋದಂತೆ ನೀಲಿ ಬಣ್ಣ ಕಡಿಮೆಯಾಗಿ ಕೊನೆಗೆ ಇಲ್ಲವಾಗಬೇಕು. ಎಷ್ಟೋ ಸಲ ಇಲ್ಲವಾಗುವುದಿಲ್ಲ. ಗಂಜಿ ಮಂದವಾಗಿರಬಹುದು, ಬಿಸಿ ಆರದೇ ಇದ್ದು ಕಿಣ್ವ ಸತ್ತಿರಬಹುದು, ಎಂಜಲಿಗಿಂತ ನೀರೇ ಹೆಚ್ಚಾಗಿರಬಹುದು. ನಿಜವಾದ ಜೀವಶಾಸ್ತ್ರ ಶುರುವಾಗುವುದೇ ಇಲ್ಲಿ, "ಯಾಕೆ ಹೋಗಲಿಲ್ಲ?" ಎಂದು ಕೇಳಿಕೊಂಡಾಗ. ಆದರೆ "ನೀಲಿ ಬಣ್ಣ ಹೋಗಲಿಲ್ಲ" ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದ ಹುಡುಗಿಗೆ ಕೆಂಪು ಇಂಕಿನ ಗೆರೆ ಬೀಳುತ್ತದೆ. ಪುಸ್ತಕದ ಸಾಲನ್ನು ಇಳಿಸಿದವಳಿಗೆ ರೈಟ್ ಮಾರ್ಕ್. ಮುಂದಿನ ವಾರದಿಂದ ಮೊದಲನೆಯವಳೂ ಪುಸ್ತಕದ್ದನ್ನೇ ಬರೆಯುತ್ತಾಳೆ. ನಮ್ಮಲ್ಲಿ ನಿರೀಕ್ಷೆ ಎಂದರೆ ನಿರೀಕ್ಷಿತ ಫಲಿತಾಂಶ, ಅಷ್ಟೇ.

ಫಲಿತಾಂಶ ಮುಚ್ಚಿಡಲು ಕಲಿತ ಮಗು ಒಡೆದ ಗಾಜನ್ನೂ ಮುಚ್ಚಿಡುತ್ತದೆ. ಇದು ನನ್ನ ಮುಖ್ಯ ಮಾತು. ಕೆಲವು ಕಾಲೇಜುಗಳಲ್ಲಿ ಬ್ರೇಕೇಜ್ ಎಂದು ದುಡ್ಡು ಕಟ್ಟಿಸಿಕೊಳ್ಳುತ್ತಾರೆ, ಒಡೆದವರ ಹೆಸರು ಬರೆದಿಡುತ್ತಾರೆ. ಟೆಸ್ಟ್‌ಟ್ಯೂಬ್ ಕೈಜಾರಿತು ಅಂದುಕೊಳ್ಳಿ. ಹುಡುಗ ಅತ್ತಿತ್ತ ನೋಡುತ್ತಾನೆ. ಚೂರುಗಳನ್ನು ಬರಿಗೈಯಲ್ಲಿ ಬಾಚಿ ಸಿಂಕಿಗೆ ಹಾಕಿ ನಲ್ಲಿ ತಿರುಗಿಸುತ್ತಾನೆ, ಇಲ್ಲದಿದ್ದರೆ ಪ್ಯಾಂಟಿನ ಜೇಬಿಗೆ ಇಳಿಸುತ್ತಾನೆ. ಬೆರಳು ಕೊಯ್ದರೆ ಕರ್ಚೀಫು ಸುತ್ತಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಾನೆ. ಸಂಜೆ ಸಿಂಕ್ ತೊಳೆಯಲು ಬಂದ ಆಯಾ ಅಮ್ಮನ ಕೈಗೆ ಆ ಚೂರು ಸಿಗುತ್ತದೆ. ಲ್ಯಾಬ್‌ನ ಗೋಡೆ ಮೇಲೆ ಅಂಟಿಸಿದ ಹನ್ನೆರಡು ಸುರಕ್ಷತಾ ಸೂಚನೆಗಳಲ್ಲಿ ಯಾವುದೂ ಇದನ್ನು ತಡೆಯಲಾರದು. "ಸರ್, ಒಡೆದುಹೋಯ್ತು" ಎಂದು ಹೇಳಲು ಹೆದರಿಕೆಯಾಗದಿದ್ದರೆ ಮಾತ್ರ ತಡೆಯುತ್ತದೆ.

ಜೀವಶಾಸ್ತ್ರದ ಲ್ಯಾಬ್ ಎಂದರೆ ಎಲೆ, ಹೂವು, ಕಪ್ಪೆ, ಅಲ್ಲಿ ಅಪಾಯ ಎಲ್ಲಿಂದ ಬರಬೇಕು ಎಂಬ ನಂಬಿಕೆಯೂ ಇದೆ. ಕೆಮಿಸ್ಟ್ರಿಯವರು ಆಸಿಡ್ ನೋಡಿ ಹೆದರುತ್ತಾರೆ, ನಾವು ನಿಶ್ಚಿಂತೆ. ಹತ್ತನೇ ತರಗತಿಯ ಎಲೆಯ ಪ್ರಯೋಗವನ್ನೇ ತೆಗೆದುಕೊಳ್ಳಿ. ಕ್ರೋಟನ್ನಿನ ಬಣ್ಣದೆಲೆಯನ್ನು ಆಲ್ಕೋಹಾಲಿನಲ್ಲಿ ಕುದಿಸಿ ಹಸಿರು ತೆಗೆದು, ಪಿಷ್ಟ ಎಲ್ಲಿದೆ ಎಂದು ಅಯೋಡಿನ್ ಹಾಕಿ ನೋಡುವುದು. ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುತ್ತದೆ, ಅದರ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ಮೇಜಿನ ಮೇಲೇ ಹರಿದು ಪಕ್ಕದ ಉರಿಯನ್ನು ಹುಡುಕಿಕೊಂಡು ಹೋಗುತ್ತದೆ. ಅದಕ್ಕೇ ಪಠ್ಯಪುಸ್ತಕ ಬೀಕರನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕಾಯಿಸಿ ಎನ್ನುತ್ತದೆ. ಪಿರಿಯಡ್ ಮುಗಿಯಲು ಹತ್ತು ನಿಮಿಷ ಇರುವಾಗ ನೀರು ಕಾಯುವವರೆಗೆ ಕಾಯಲು ಯಾರಿಗೂ ಪುರುಸೊತ್ತಿಲ್ಲ, ಬೀಕರ್ ನೇರ ಉರಿಯ ಮೇಲೇ ಕೂರುತ್ತದೆ. ಉರಿಯುತ್ತಿರುವ ಸ್ಪಿರಿಟ್ ಲ್ಯಾಂಪಿಗೆ ಬಾಟಲಿಯಿಂದ ಸ್ಪಿರಿಟ್ ಸುರಿಯುವುದು ಇನ್ನೊಂದು ಅಂಥದ್ದೇ ಸಾಹಸ.

ರಕ್ತದ ಗುಂಪು ನೋಡುವ ದಿನ ಮಕ್ಕಳಿಗೆ ಹಬ್ಬ. ನೀಲಿ ಬಾಟಲಿಯ ಆಂಟಿ-ಎ, ಹಳದಿಯ ಆಂಟಿ-ಬಿ, ಬಣ್ಣವಿಲ್ಲದ ಆಂಟಿ-ಡಿ ಒಂದೊಂದು ಹನಿ. ಬೆರಳು ಚುಚ್ಚಿ ರಕ್ತ ಬೆರೆಸಿ, ರಕ್ತಕಣಗಳು ಗುಂಪುಗೂಡಿದವೇ ನೋಡುವುದು. ಒಂದೇ ಸೂಜಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಇಡೀ ಬ್ಯಾಚಿಗೆ ಚುಚ್ಚುತ್ತಿದ್ದ ಕಾಲವೊಂದಿತ್ತು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ ಏಳು ದಿನ ಸೋಂಕು ಹರಡಬಲ್ಲದು. ಈಗ ಒಬ್ಬೊಬ್ಬರಿಗೆ ಒಂದೊಂದು ಲ್ಯಾನ್ಸೆಟ್ ಬಂದಿದೆ, ಸರಿ. ಚುಚ್ಚಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಕಸದ ಬುಟ್ಟಿಗೆ, ಚಾಕೊಲೇಟ್ ಸಿಪ್ಪೆಯ ಜೊತೆ.

ಕಪ್ಪೆಯ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಮುಗಿದ ಅಧ್ಯಾಯ. ಕಪ್ಪೆ ಕೊಯ್ದ ಕಥೆ ಹೇಳುವ ಅಪ್ಪಂದಿರು ಇನ್ನೂ ಇದ್ದಾರೆ, ಆದರೆ ಯುಜಿಸಿ 2011ರಲ್ಲಿ ಹಂತಹಂತವಾಗಿ ಕೈಬಿಡಿ ಎಂದು ಹೇಳಿ 2014ರಲ್ಲಿ ಪೂರ್ತಿ ನಿಲ್ಲಿಸಲು ಸೂಚಿಸಿದ ಮೇಲೆ ಡಿಗ್ರಿಯಲ್ಲೂ ಅದಕ್ಕೆ ಜಾಗವಿಲ್ಲ. ಉಳಿದಿರುವುದು ಬೀರುವಿನ ಮೇಲಿನ ಗಾಜಿನ ಭರಣಿಗಳು. ಊರಿನಲ್ಲಿ ಯಾರೋ ಹೊಡೆದ ಹಾವನ್ನು ಮಕ್ಕಳು ಕೋಲಿನಲ್ಲಿ ಎತ್ತಿ ತಂದು ಕೊಟ್ಟದ್ದು, ಮೇಷ್ಟ್ರು ಫಾರ್ಮಲಿನ್ ತುಂಬಿ ಇಟ್ಟದ್ದು. ಆ ಮೇಷ್ಟ್ರು ರಿಟೈರಾಗಿ ವರ್ಷಗಳಾದವು. ಮುಚ್ಚಳ ಒಣಗಿ ಸಡಿಲಾಗಿದೆ, ದ್ರಾವಣ ಅರ್ಧಕ್ಕೆ ಇಳಿದಿದೆ. ಇಳಿದ ಅರ್ಧ ಹೋದದ್ದು ಗಾಳಿಗೆ. ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಸೇರಿಸಿತು. ಕಿಟಕಿ ತೆರೆದಿಟ್ಟರೆ ಅರ್ಧ ಸಮಸ್ಯೆ ಪರಿಹಾರ, ಆದರೆ ಮಂಗಗಳ ಕಾಟಕ್ಕೆ ಕಿಟಕಿ ಮುಚ್ಚಿರುತ್ತದೆ.

ಇನ್ನು ಚಪ್ಪಲಿ. ನಮ್ಮ ಹಲವು ಶಾಲೆಗಳಲ್ಲಿ ಲ್ಯಾಬ್ ಎಂದರೆ ಗರ್ಭಗುಡಿ, ಚಪ್ಪಲಿ ಶೂ ಹೊರಗೆ ಸಾಲಾಗಿ ಬಿಟ್ಟು ಬರಬೇಕು. ನೆಲ ಹೊಳೆಯುತ್ತದೆ, ಶಿಸ್ತಿನ ಶಾಲೆ ಎಂದು ಹೆಸರು ಬರುತ್ತದೆ. ಒಳಗೆ ಅರವತ್ತು ಬರಿಗಾಲುಗಳು, ನೆಲದಲ್ಲಿ ಕಣ್ಣಿಗೆ ಕಾಣದ ಗಾಜಿನ ಚೂರು, ಮೇಜಿನ ಅಂಚಿನಿಂದ ತೊಟ್ಟಿಕ್ಕುವ ಆಸಿಡ್. ಇಡೀ ಪ್ರಪಂಚದ ಲ್ಯಾಬ್‌ಗಳಲ್ಲಿ ಮೊದಲ ನಿಯಮಗಳಲ್ಲೊಂದು ಮುಚ್ಚಿದ ಶೂ. ನಮ್ಮಲ್ಲಿ ಶೂ ಹಾಕಿಕೊಂಡು ಬಂದವನಿಗೆ ಬೈಗುಳ.

ಹಾಗೆಂದು ಮಕ್ಕಳನ್ನು ಬೆಂಚಿನಿಂದ ದೂರ ನಿಲ್ಲಿಸಿ ಮೇಷ್ಟ್ರೇ ಮಾಡಿ ತೋರಿಸುವುದು ಪರಿಹಾರವಲ್ಲ. ಈರುಳ್ಳಿ ಬೇರಿನ ಪ್ರಯೋಗವನ್ನು ಒಮ್ಮೆ ಪೂರ್ತಿ ನೋಡಿದರೆ ಅದು ಗೊತ್ತಾಗುತ್ತದೆ. ನೀರು ತುಂಬಿದ ಲೋಟದ ಬಾಯಿಗೆ ಈರುಳ್ಳಿ ಕೂರಿಸಿ, ಬುಡ ಮಾತ್ರ ನೀರಿಗೆ ತಾಗುವಂತೆ ಇಟ್ಟರೆ ಕೆಲವು ದಿನಗಳಲ್ಲಿ ಬಿಳಿ ಬೇರು ಇಳಿಯುತ್ತದೆ. ಬೆಳಿಗ್ಗೆ ಹೊತ್ತು ತುದಿಗಳನ್ನು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ ಒಂದು ದಿನ ಬಿಡಬೇಕು. ಆಮೇಲೆ ಸ್ಲೈಡಿನ ಮೇಲೆ ಒಂದು ಬೇರು, ಒಂದು ಹನಿ ಹೈಡ್ರೋಕ್ಲೋರಿಕ್ ಆಸಿಡ್, ಎರಡು ಮೂರು ಹನಿ ಅಸಿಟೋಕಾರ್ಮಿನ್. ಸ್ಲೈಡನ್ನು ಉರಿಯ ಮೇಲೆ ಹಾಯಿಸಬೇಕು, ಕುದಿಸಬಾರದು. ಕೆಂಪು ಗಾಢವಾಗಿ ಹಿಡಿದ ತುದಿಯನ್ನಷ್ಟೇ ಬ್ಲೇಡಿನಿಂದ ಉಳಿಸಿಕೊಂಡು, ಮೇಲೆ ಕವರ್‌ಸ್ಲಿಪ್ ಮುಚ್ಚಿ, ಮಡಿಸಿದ ಫಿಲ್ಟರ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಕವರ್‌ಸ್ಲಿಪ್ಪಿನ ದಪ್ಪ ಮಿಲಿಮೀಟರಿನ ಐದನೇ ಒಂದು ಭಾಗವೂ ಇಲ್ಲ. ಹೆಬ್ಬೆರಳು ನೇರ ಇಳಿದರೆ ಜೀವಕೋಶಗಳು ಒಂದೇ ಪದರವಾಗಿ ಹರಡುತ್ತವೆ. ಒಂಚೂರು ಪಕ್ಕಕ್ಕೆ ಜಾರಿದರೂ ಗಾಜು ಸೀಳುತ್ತದೆ, ಜೀವಕೋಶಗಳೂ ಹರಿದು ಕಲಸುಮೇಲೋಗರ.

ಬ್ಲೇಡು, ಆಸಿಡ್, ಉರಿ, ಗಾಜು ನಾಲ್ಕೂ ಒಂದೇ ಪ್ರಯೋಗದಲ್ಲಿವೆ. ಒಳ್ಳೆಯ ಸ್ಲೈಡ್ ಮಾಡುವ ಕೈಯೇ ಪೆಟ್ಟಾಗದ ಕೈ ಕೂಡ. ಸುರಕ್ಷತೆಯ ಅರ್ಧ ಪಾಠ ಅದರಲ್ಲೇ ಇದೆ. ಆ ಕೈ ಬರುವುದು ಎರಡು ಮೂರು ಕವರ್‌ಸ್ಲಿಪ್ ಒಡೆದ ಮೇಲೆ. ಒಡೆಯಲು ಬಿಡದ ಲ್ಯಾಬ್‌ನಲ್ಲಿ ಅದು ಬರುವುದೇ ಇಲ್ಲ. ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥೆ ಹೇಳುವ 'ಹಸುರು ಹೊನ್ನು' ಪುಸ್ತಕಕ್ಕೆ ಗಿಡಗಳ ಚಿತ್ರಗಳನ್ನು ತಾವೇ ಬರೆದರು. ಕೈಯಲ್ಲಿ ಹಿಡಿದು ನೋಡಿದವರ ಗೆರೆ ಅದು. ಅಕ್ಕನ ರೆಕಾರ್ಡ್ ನೋಡಿ ಬರೆದ ಗೆರೆಯನ್ನು ಅದರ ಪಕ್ಕ ಇಟ್ಟು ನೋಡಿ.

ಅಮೆರಿಕದ ಎಷ್ಟೋ ಹೈಸ್ಕೂಲುಗಳಲ್ಲಿ ಜೀವಶಾಸ್ತ್ರದ ಮೊದಲ ವಾರವೇ ಮಕ್ಕಳ ಕೈಗೆ ಹಾಳೆಗಳು ಬರುತ್ತವೆ. ಯಾವುದಕ್ಕೆ ಶೇಕಡ ಎಷ್ಟು ಅಂಕ, ತಡವಾಗಿ ಕೊಟ್ಟರೆ ಏನಾಗುತ್ತದೆ ಎಂದು ಒಂದರಲ್ಲಿ. ಲ್ಯಾಬ್ ನಿಯಮಗಳು ಇನ್ನೊಂದರಲ್ಲಿ, ಅದಕ್ಕೆ ಮಗುವಿನದೂ ಪೋಷಕರದೂ ಸಹಿ. ಅಲ್ಲಿ ನೆಲೆಸಿದ ನಮ್ಮವರು ಮಗಳ ಹಾಳೆಗೆ ಸಹಿ ಹಾಕುವಾಗ "ಇದೇನು ಜೀವಶಾಸ್ತ್ರವೋ ಸಾಲಪತ್ರವೋ" ಎಂದು ನಗುವುದುಂಟು. ಅದರಲ್ಲಿ ಕೋರ್ಟಿನ ಭಯವೇ ಹೆಚ್ಚು, ನನಗೂ ಅದು ಪೂರ್ತಿ ಹಿಡಿಸುವುದಿಲ್ಲ. ಒಂದು ಮಾತ್ರ ಹಿಡಿಸುತ್ತದೆ: ಏನನ್ನು ಕೇಳುತ್ತೇವೆ ಎಂದು ವರ್ಷದ ಮೊದಲೇ ಹೇಳುವುದು. ನಮ್ಮ ಮಕ್ಕಳಿಗೆ ಪ್ರಾಕ್ಟಿಕಲ್‌ನಲ್ಲಿ ಏನು ನೋಡುತ್ತಾರೆ ಎಂದು ತಿಳಿಯುವುದು ಪರೀಕ್ಷೆಯ ಹಿಂದಿನ ದಿನ, ಅದೂ ಸೀನಿಯರ್‌ಗಳಿಂದ.

ಸುರಕ್ಷತೆಗೂ ಐದು ಅಂಕ ಇಟ್ಟುಬಿಡೋಣ ಎಂದು ಕೆಲವರು ಹೇಳುತ್ತಾರೆ. ಬೇಡ. ಐದಕ್ಕೆ ಮೂರು ಬಂದ ಮಗು ಎಂದರೆ ಯಾವ ಎರಡು ಅಪಾಯ ಮಾಡುವ ಮಗು? ಅಂಕ ಇಟ್ಟ ಕೂಡಲೇ ಅದನ್ನೂ ಮುಚ್ಚಿಡುತ್ತಾರೆ. ಸುರಕ್ಷತೆ ಡ್ರೈವಿಂಗ್ ಎಲ್ಎಲ್ ಪರೀಕ್ಷೆ ಇದ್ದ ಹಾಗೆ ಇರಲಿ, ಪಾಸಾದವರು ಮಾತ್ರ ಬೆಂಚಿಗೆ, ಆಗದವರು ನಾಳೆ ಇನ್ನೊಮ್ಮೆ. ಕೂದಲು ಕಟ್ಟಿದೆಯೇ, ವೇಲ್ ಪಿನ್ ಮಾಡಿದೆಯೇ, ಆಸಿಡ್ಡಿಗೆ ನೀರೋ ನೀರಿಗೆ ಆಸಿಡ್ಡೋ, ಕಣ್ಣಿಗೆ ಸಿಡಿದರೆ ನಲ್ಲಿ ಎಲ್ಲಿದೆ, ಎಷ್ಟು ಹೊತ್ತು ತೊಳೆಯಬೇಕು. ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಈ ಪ್ರಶ್ನೆ ಕೇಳಿದ ದಿನವೇ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂಬುದೂ ಹೊರಬೀಳುತ್ತದೆ. ಅಂಕ ಇರಲಿ ರೆಕಾರ್ಡಿಗೆ, ಆದರೆ ರೆಕಾರ್ಡ್ ಲ್ಯಾಬ್‌ನಲ್ಲೇ, ಅದೇ ದಿನ, ಒರಟು ಗೆರೆಯಲ್ಲಿ ಬರೆದದ್ದಾಗಿರಲಿ. ಮನೆಗೆ ಒಯ್ಯುವುದೇ ಬೇಡ. ಬಾರದ ಫಲಿತಾಂಶವನ್ನು ಬರಲಿಲ್ಲ ಎಂದು ಬರೆದು, ಯಾಕಿರಬಹುದು ಎಂದು ಎರಡು ಸಾಲು ಸೇರಿಸಿದವರಿಗೆ ಪೂರ್ತಿ ಅಂಕ.

ನೀಟ್‌ನ 720ರಲ್ಲಿ 360 ಜೀವಶಾಸ್ತ್ರದ್ದೇ, ಅದಕ್ಕೆ ಸೂಕ್ಷ್ಮದರ್ಶಕ ಮುಟ್ಟಬೇಕಾಗಿಲ್ಲ ಎಂದು ಕೋಚಿಂಗ್ ನಡೆಸುವವರು ಹೇಳಬಹುದು. ನಿಜ. ಆದರೆ ಆ 360ನ್ನು ದಾಟಿ ಹೋದವರೇ ಮುಂದೆ ನಮಗೆ ಸೂಜಿ ಚುಚ್ಚುವವರು.

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬರುವ ಪರೀಕ್ಷಕರು ವೈವಾದಲ್ಲಿ "ಪತ್ರರಂಧ್ರ ಎಂದರೇನು?" ಎಂದು ಕೇಳುವುದು ವಾಡಿಕೆ, ಮಕ್ಕಳು ಅದಕ್ಕೆ ತಯಾರಾಗಿಯೇ ಬಂದಿರುತ್ತಾರೆ. ಅದರ ಬದಲು "ಈ ವರ್ಷ ನಿಮ್ಮ ಲ್ಯಾಬ್‌ನಲ್ಲಿ ಏನೇನು ಒಡೆಯಿತಪ್ಪಾ?" ಎಂದು ಕೇಳಿ ನೋಡಬೇಕು. "ಏನೂ ಒಡೆದಿಲ್ಲ ಸರ್" ಎಂದು ಉತ್ತರ ಬಂದರೆ ಕವರ್‌ಸ್ಲಿಪ್ ಡಬ್ಬಿಯನ್ನೊಮ್ಮೆ ತರಿಸಿಕೊಳ್ಳಲಿ. ಡಬ್ಬಿಯ ಸೀಲು ಒಡೆದಿದ್ದರೆ ಮುಂದಿನ ಪ್ರಶ್ನೆ ಹುಡುಗನಿಗೆ, ಒಡೆಯದೇ ಇದ್ದರೆ ಕಾಲೇಜಿಗೆ.