ಕೋಡ್ ಬರುತ್ತೆ, ಪರೀಕ್ಷೆಯೇ ಬಿಡಲ್ಲ!

ಕಣ್ಣು ಕಾಣದವರು ಸಾಫ್ಟ್‌ವೇರ್ ಬರೀತಾರಾ? ಬರೀತಾರೆ!

ಎನ್‌ವಿಡಿಎ ಅನ್ನೋ ಉಚಿತ ಸ್ಕ್ರೀನ್ ರೀಡರ್ ಇದೆ. ಪರದೆ ಮೇಲಿರೋದನ್ನ ಓದಿ ಹೇಳುತ್ತೆ. 2006ರಲ್ಲಿ ಅದನ್ನ ಶುರು ಮಾಡಿದ್ದು ಆಸ್ಟ್ರೇಲಿಯಾದ ಮೈಕೆಲ್ ಕರನ್. ಅವರಿಗೂ ಕಣ್ಣು ಕಾಣಲ್ಲ, ಜೊತೆಗೆ ಕೈಜೋಡಿಸಿದ ಜೇಮ್ಸ್ ಟೆಹ್ ಅವರಿಗೂ ಕಾಣಲ್ಲ.

ಮತ್ತೆ ಇಂಥವರಿಗೆ ಐಟಿ ಕೆಲಸ ಕೈತಪ್ಪೋದು ಎಲ್ಲಿ? ಎಷ್ಟೋ ಸಲ ಮೊದಲ ಆನ್‌ಲೈನ್ ಪರೀಕ್ಷೆಯಲ್ಲೇ!

ಸಬ್ಮಿಟ್ ಬಟನ್‌ಗೆ ಕೋಡ್‌ನಲ್ಲಿ ಹೆಸರೇ ಕೊಟ್ಟಿರಲ್ಲ. ಸ್ಕ್ರೀನ್ ರೀಡರ್ ಬರೀ "ಬಟನ್... ಬಟನ್..." ಅನ್ನುತ್ತೆ. ಕ್ಯಾಪ್ಚಾ ನೋಡಿದ್ರೆ ಬರೀ ಚಿತ್ರ. ಅಷ್ಟರಲ್ಲಿ ಟೈಮರ್ ಓಡ್ತಾನೇ ಇರುತ್ತೆ. ಗೊತ್ತಿರೋ ಉತ್ತರ ಬರೆಯೋಕೇ ಆಗಲ್ಲ.

ಕಾನೂನು ಏನು ಹೇಳುತ್ತೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಖಾಸಗಿ ಕಂಪನಿಗೂ ಸಮಾನ ಅವಕಾಶ ನೀತಿ ಇರಲೇಬೇಕು. 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿದ್ರೆ, ಯಾವ ಹುದ್ದೆ, ಆಯ್ಕೆ ಹೇಗೆ, ಏನೇನು ಸೌಲಭ್ಯ, ಎಲ್ಲಾ ಅದರಲ್ಲಿ ಬರೆದಿರಬೇಕು.

ಎಚ್‌ಆರ್‌ನವರೇ, ಮುಂದಿನ ಪರೀಕ್ಷೆ ಬಿಡೋ ಮುಂಚೆ ಮೌಸ್ ಪಕ್ಕಕ್ಕಿಡಿ. ಸ್ಕ್ರೀನ್ ರೀಡರ್ ಹಾಕಿ, ಕೀಬೋರ್ಡ್‌ನಲ್ಲೇ ಪೂರ್ತಿ ಬರೆದು ನೋಡಿ. ಆಗಲಿಲ್ವಾ? ಅಭ್ಯರ್ಥಿನ ಬಿಡಿ, ಮೊದಲು ಪರೀಕ್ಷೆ ಸರಿ ಮಾಡಿ!